ಲಾಗ್ ಪೇಪರ್ ನೆನೆದು ಮುದ್ದೆಯಾಗಿದ್ದರೆ ಫೋಟೋ ಹಾಕಿ "ಫೌಂಡ್" ಒತ್ತಬಹುದೇ?

ನಾಲ್ವರಲ್ಲೊಬ್ಬ:

ಮ್ಯೂನಿಕ್ ಸುತ್ತಮುತ್ತ ಒಟ್ಟಿಗೆ ಜಿಯೋಕ್ಯಾಶಿಂಗ್ ಆಡುವ ನಾಲ್ಕು ಜನ ನಾವು: ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಕ್ಯಾಶ್) ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಲಾಗ್ ಪೇಪರ್‌ಗೆ ಸಹಿ ಹಾಕಿ, ಆನ್‌ಲೈನ್‌ನಲ್ಲಿ "ಫೌಂಡ್" ಒತ್ತುವ ಆಟ. ಮೂರು ವಿಷಯದಲ್ಲಿ ನಮ್ಮಲ್ಲೇ ಜಗಳ, ತಿಳಿದವರು ತೀರ್ಪು ಹೇಳಿ.

೧. ಫಿಲ್ಮ್ ಡಬ್ಬಿ ಸಿಕ್ಕಿತು, ಒಳಗಿನ ಲಾಗ್ ಪೇಪರ್ ಅಂಬಲಿ. ಪೆನ್ನು ಊರಿದರೆ ಹರಿಯುತ್ತೆ. ಡಬ್ಬಿಯ ಫೋಟೋ ಸಮೇತ ನಾಲ್ವರೂ ಫೌಂಡ್ ಹಾಕಿದೆವು. ಕ್ಯಾಶ್ ಇಟ್ಟ ಓನರ್ ನಾಲ್ಕನ್ನೂ ಅಳಿಸಿದರು. ಹಾಗೆ ಅಳಿಸುವ ಹಕ್ಕು ಅವರಿಗೆ ಇದೆಯಾ?

೨. ಮರದ ಮೇಲಿನ ಟಿ5 ಕ್ಯಾಶ್ (ತಲುಪುವ ಕಷ್ಟ ಐದಕ್ಕೆ ಐದು). ಒಬ್ಬ ಹಗ್ಗ ಹಾಕಿ ಹತ್ತಿ ಡಬ್ಬಿ ಕೆಳಗಿಳಿಸಿದ, ಮೂವರು ನೆಲದ ಮೇಲೆ ನಿಂತು ಸಹಿ ಹಾಕಿದೆವು. ಮೂವರದ್ದೂ ಫೌಂಡೇ?

೩. ಹೊಸ ಕ್ಯಾಶ್‌ನ ಲಾಗ್‌ನಲ್ಲಿ ಮೊದಲ ಸಾಲು ನಮ್ಮದು. ಆನ್‌ಲೈನ್‌ನಲ್ಲಿ ಎಫ್‌ಟಿಎಫ್ (ಫಸ್ಟ್ ಟು ಫೈಂಡ್, ಮೊದಲು ಹುಡುಕಿದವರು) ಅಂತ ಹಾಕಿಕೊಂಡಿರೋದು ಬೇರೆಯವರು. ದೂರು ಯಾರಿಗೆ ಕೊಡೋದು?

ಸೊನ್ನೆ ಬಿಂದು:

ಮೊದಲನೆಯದಕ್ಕೆ ಉತ್ತರ: ಇದೆ. ಡಬ್ಬಿ ಇರುವ ಯಾವುದೇ ಕ್ಯಾಶ್‌ಗೆ ಆನ್‌ಲೈನ್ ಫೌಂಡ್ ಹಾಕಬೇಕಾದರೆ ಒಳಗಿನ ಲಾಗ್‌ನಲ್ಲಿ ಹೆಸರು ಬರೆದಿರಬೇಕು. ಕಂಡೆ, ಮುಟ್ಟಿದೆ, ಫೋಟೋ ಹೊಡೆದೆ ಅನ್ನೋದು ಲೆಕ್ಕಕ್ಕಿಲ್ಲ. ಫೋಟೋ ಒಪ್ಪಿಕೊಳ್ಳುವುದು ಓನರ್‌ನ ದೊಡ್ಡ ಮನಸ್ಸು, ನಿಮ್ಮ ಹಕ್ಕಲ್ಲ. ಸುಳ್ಳು ಲಾಗ್ ಅಳಿಸುವುದನ್ನು ಮಾರ್ಗಸೂಚಿ ಓನರ್‌ನ ಜವಾಬ್ದಾರಿ ಅಂತಲೇ ಹೇಳುತ್ತೆ. ಪೇಪರ್‌ನಲ್ಲಿ ಹೆಸರು ಇಲ್ಲದಿದ್ದರೆ ನಿಮ್ಮ ಲಾಗ್ ನಿಜವೋ ಸುಳ್ಳೋ ಅಂತ ನೋಡಲು ಅವರಿಗೆ ಬೇರೆ ದಾರಿಯಿಲ್ಲ.

ಇದು ಆಮೇಲೆ ಯಾರೋ ಆಫೀಸಿನಲ್ಲಿ ಕೂತು ಸೇರಿಸಿದ ಕಾಯಿದೆಯಲ್ಲ. ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ಅಮೆರಿಕ ನಿಲ್ಲಿಸಿದ್ದು 2000ದ ಮೇ 2ರಂದು. ಮರುದಿನವೇ ಡೇವ್ ಅಲ್ಮರ್ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಇಟ್ಟ, ಅದೇ ಈ ಆಟದ ಮೊದಲ ಕ್ಯಾಶ್. ಅದರಲ್ಲೇ ಲಾಗ್‌ಬುಕ್ಕೂ ಪೆನ್ಸಿಲ್ಲೂ ಇದ್ದವು. ಏನಾದರೂ ತಗೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ: ಅವತ್ತಿನ ಕಾನೂನು ಅಷ್ಟೇ. ತಮಾಷೆಯೆಂದರೆ ಅದೇ ಬಕೆಟ್ ಇವತ್ತು ಸಲ್ಲಿಸಿದರೆ ರಿವ್ಯೂವರ್ (ಕ್ಯಾಶ್ ಪರಿಶೀಲಿಸಿ ಪ್ರಕಟಿಸುವವರು) ಸುಮ್ಮನೆ ಬಿಡುವುದಿಲ್ಲ. ಅರ್ಧ ನೆಲದಲ್ಲಿ ಹೂತಿತ್ತು, ಒಳಗೊಂದು ಬೀನ್ಸ್ ಟಿನ್ ಬೇರೆ. ಈಗ ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಅಗೆಯುವಂತಿಲ್ಲ, ತಿನ್ನುವ ಪದಾರ್ಥವನ್ನಂತೂ ಇಡುವಂತೆಯೇ ಇಲ್ಲ.

ನಿಯಮದ ಇನ್ನೊಂದು ಮಗ್ಗುಲು ಬಹಳ ಜನ ಮರೆಯುತ್ತಾರೆ. ಹೆಸರು ಪೇಪರ್‌ನಲ್ಲಿದ್ದರೆ ಓನರ್ ಅಳಿಸುವಂತಿಲ್ಲ. ಮೊದಲೆಲ್ಲ "ತಲೆ ಮೇಲೆ ಟೋಪಿ ಇಟ್ಟುಕೊಂಡ ಫೋಟೋ ಹಾಕಿ", "ಲಾಗ್ ಅನ್ನು ಪದ್ಯದಲ್ಲಿ ಬರೆಯಿರಿ" ಅಂತ ಷರತ್ತು ಹಾಕಿ, ಮಾಡದವರ ಲಾಗ್ ಅಳಿಸುತ್ತಿದ್ದರು. ಆ ಹೆಚ್ಚುವರಿ ಷರತ್ತುಗಳನ್ನೆಲ್ಲ 2009ರಲ್ಲಿ ತೆಗೆದುಹಾಕಿದರು. ಉಳಿದಿರುವ ವಿನಾಯಿತಿ ಚಾಲೆಂಜ್ ಕ್ಯಾಶ್ ಒಂದೇ. ಅಲ್ಲಿ ಸಹಿಯೂ ಬೇಕು, ಷರತ್ತೂ (ಇಂತಿಂಥ ಕ್ಯಾಶ್ ಹುಡುಕಿರಬೇಕು ಅನ್ನುವಂಥದ್ದು) ಪೂರೈಸಿರಬೇಕು. ಸಹಿ ಮೊದಲೇ ಹಾಕಿ, ಆನ್‌ಲೈನ್‌ನಲ್ಲಿ "ರೈಟ್ ನೋಟ್" (ಬರೀ ಟಿಪ್ಪಣಿ) ಹಾಕಿಟ್ಟು, ಷರತ್ತು ಮುಗಿದ ದಿನ ಫೌಂಡ್ ಹಾಕಬಹುದು.

ನಿಮ್ಮ ನಾಲ್ಕು ಲಾಗ್‌ಗಳ ವಿಷಯಕ್ಕೆ: ಅಳಿಸಿದಾಗ ಮೇಲ್ ಬಂದಿರುತ್ತೆ, ಅದನ್ನು ಇಟ್ಟುಕೊಳ್ಳಿ. ಓನರ್‌ಗೆ ಒಂದೇ ಮೆಸೇಜ್ ಕಳಿಸಿ. ಡಬ್ಬಿ ಎಲ್ಲಿತ್ತು, ಹೇಗೆ ಕಟ್ಟಿತ್ತು ಅನ್ನುವ ವಿವರವೂ ಫೋಟೋವೂ ಅದರಲ್ಲಿರಲಿ. ಒಪ್ಪಿದರೆ ಸರಿ, ಒಪ್ಪದಿದ್ದರೆ ಮತ್ತೊಮ್ಮೆ ಹೋಗಿ ಸಹಿ ಹಾಕಿ ಬನ್ನಿ. ಅಳಿಸಿದ್ದನ್ನೇ ಮತ್ತೆ ಮತ್ತೆ ಹಾಕಬೇಡಿ. ಆಟ ನಡೆಸುವ ಮುಖ್ಯ ಕಚೇರಿಗೆ ಬರೆಯುವುದು ಸಹಿ ಇದ್ದೂ ಅಳಿಸಿದಾಗ ಮಾತ್ರ. ಸಹಿ ಇಲ್ಲದ ಕೇಸು ಅಲ್ಲಿ ನಿಲ್ಲುವುದಿಲ್ಲ.

ಕಾಡುಗುಬ್ಬಿ:

ಸೊನ್ನೆ ಬಿಂದು ಅವರೇ, ನಿಯಮ ನೀವು ಹೇಳಿದ್ದೇ ಸರಿ, ನ್ಯಾಯ ಅಲ್ಲ. ಲಾಗ್ ಅಂಬಲಿ ಆಗಿದ್ದು ಯಾರ ತಪ್ಪು? ಡಬ್ಬಿ ಒಣಗಿರುವಂತೆ ನೋಡಿಕೊಳ್ಳುವುದು ಓನರ್ ಕೆಲಸ ಅಂತ ಅದೇ ಮಾರ್ಗಸೂಚಿ ಹೇಳುತ್ತೆ. ತಮ್ಮ ಕೆಲಸ ಮಾಡದೆ ಹುಡುಕಿದವರ ಲಾಗ್‌ಗೆ ಕತ್ತರಿ ಹಾಕುವುದು ಅಂದರೆ, ಅಂಗಡಿಯವರು ಚಿಲ್ಲರೆ ಇಲ್ಲ ಅಂತ ನಮ್ಮ ನೋಟು ವಾಪಸ್ ಕೊಟ್ಟು ಸಾಮಾನೂ ಕಿತ್ತುಕೊಂಡ ಹಾಗೆ. ಫೋಟೋದಲ್ಲಿ ಡಬ್ಬಿ ಬಾಯಿ ತೆರೆದಿದೆ, ಒಳಗಿನ ಮುದ್ದೆ ಕಾಣಿಸುತ್ತಿದೆ ಅಂದರೆ ಅದಕ್ಕಿಂತ ಪುರಾವೆ ಏನು ಬೇಕು?

ಪೆನ್ಸಿಲ್ ತುಂಡು:

ಕಾಡುಗುಬ್ಬಿ ಅವರ ಸಿಟ್ಟು ಸರಿಯೇ. ಆದರೆ ಒಂದೇ ಫೋಟೋ ನಾಲ್ಕು ಜನ ಹಂಚಿಕೊಂಡರೆ ಅದು ಒಬ್ಬರು ಹೋಗಿದ್ದಕ್ಕಷ್ಟೇ ಪುರಾವೆ. ಅಲ್ಲದೆ ಒದ್ದೆ ಪೇಪರ್‌ಗೆ ಸಹಿ ಹಾಕಲು ಆಗಲ್ಲ ಅನ್ನುವುದೇ ನೂರಕ್ಕೆ ತೊಂಬತ್ತು ಸಲ ಸುಳ್ಳು.

ಹೇಗೆ ಅಂತ ಹೇಳ್ತೀನಿ. ಜೆಲ್ ಪೆನ್ನು ಒದ್ದೆಯಲ್ಲಿ ಹರಡುತ್ತೆ, ಬಾಲ್‌ಪೆನ್ನು ಜಾರುತ್ತೆ ಇಲ್ಲವೇ ಹರಿಯುತ್ತೆ. 4ಬಿ ಅಥವಾ ಅದಕ್ಕಿಂತ ಮೃದುವಾದ ಪೆನ್ಸಿಲ್ ಒದ್ದೆ ಕಾಗದದ ಮೇಲೂ ಗುರುತು ಬಿಡುತ್ತೆ. ಮೊನೆ ಚೂಪು ಇರಬಾರದು. ಸುರುಳಿ ಬಿಚ್ಚಲು ಹೋಗಬೇಡಿ, ಬಿಚ್ಚಿದರೆ ಹಳೆಯವರ ಸಹಿಗಳೂ ಹೋಗುತ್ತವೆ. ಹೊರಗಿನ ಸುತ್ತನ್ನು ಕರವಸ್ತ್ರದಲ್ಲಿ ಒತ್ತಿ ನೀರು ತೆಗೆದು ಅಲ್ಲೇ ಹೆಸರಿನ ಮೊದಲ ಎರಡು ಅಕ್ಷರ, ತಾರೀಕು ಬರೆಯಿರಿ. ಅದೂ ಆಗದಷ್ಟು ಕರಗಿದ್ದರೆ ನಿಮ್ಮದೇ ಒಂದು ಪಟ್ಟಿಯಲ್ಲಿ ನಾಲ್ವರ ಹೆಸರು ಬರೆದು ಚಿಕ್ಕ ಜಿಪ್ ಚೀಲದಲ್ಲಿ ಹಾಕಿ ಡಬ್ಬಿಯಲ್ಲಿಡಿ. ಹಳೆಯ ಲಾಗ್ ತೆಗೆದುಕೊಂಡು ಹೋಗಬೇಡಿ, ಅದು ಓನರ್ ಸ್ವತ್ತು. ಆಮೇಲೆ ಫೌಂಡ್ ಜೊತೆಗೆ "ಓನರ್ ಅಟೆನ್ಶನ್ ರಿಕ್ವೆಸ್ಟೆಡ್" ಹಾಕಿ. ಹಳಬರು ಇದನ್ನು ಎನ್‌ಎಂ ಅನ್ನುತ್ತಾರೆ, ಮೊದಲು "ನೀಡ್ಸ್ ಮೇಂಟೆನೆನ್ಸ್" ಅಂತ ಇತ್ತು. ಇದನ್ನು ಹಾಕಿದರೆ ಓನರ್‌ಗೆ ಅವಮಾನ ಅಂತ ಹಿಂಜರಿಯುವವರು ಬಹಳ. "ಲಾಗ್ ಸ್ವಲ್ಪ ತೇವ ಇತ್ತು" ಅಂತ ಫೌಂಡ್‌ನ ಐದನೇ ಸಾಲಿನಲ್ಲಿ ತೂರಿಸಿದರೆ ಯಾರೂ ಓದಲ್ಲ.

ಪಟ್ಟಿ ಮಾಡುವ ಅಳತೆ: ಎ4 ಹಾಳೆಯನ್ನು ಉದ್ದಕ್ಕೆ 4 ಸೆಂ.ಮೀ. ಅಗಲದ ಐದು ಪಟ್ಟಿ ಕತ್ತರಿಸಿ. ಫಿಲ್ಮ್ ಡಬ್ಬಿಗೂ ಪೆಟ್ಲಿಂಗ್‌ಗೂ (ಸೋಡಾ ಬಾಟಲಿ ಊದುವ ಮುಂಚಿನ ಕೊಳವೆ) ಅದೇ ಸಾಕು. ನ್ಯಾನೋಗೆ (ಬೆರಳ ತುದಿಯಷ್ಟಿರುವ ಡಬ್ಬಿ) ಸುಮಾರು 8 ಮಿ.ಮೀ. ಅಗಲ, ಟೂತ್‌ಪಿಕ್‌ಗೆ ಬಿಗಿಯಾಗಿ ಸುತ್ತಿ, ಕಡ್ಡಿ ಎಳೆದು ಒಳಗೆ ಬಿಡಬೇಕು. ಗೆರೆ ಮುದ್ರಿಸುವುದಿದ್ದರೆ ಲೇಸರ್ ಪ್ರಿಂಟರ್‌ನಲ್ಲೇ ಮುದ್ರಿಸಿ. ಇಂಕ್‌ಜೆಟ್ ಶಾಯಿ ಒಂದು ಹನಿಗೆ ನೀಲಿ ಕೆರೆ ಆಗುತ್ತೆ.

ಡಬ್ಬಿ ಯಾಕೆ ಸೋರುತ್ತೆ ಅನ್ನೋದೂ ತಿಳಿದಿರಲಿ, ನಾಳೆ ನೀವೂ ಇಡುವವರೇ. ಕಪ್ಪು ಫಿಲ್ಮ್ ಡಬ್ಬಿಯ ಬೂದು ಮುಚ್ಚಳ ಹೊರಗಿನಿಂದ ಕಚ್ಚುತ್ತೆ, ಚಳಿಗೆ ಗಟ್ಟಿಯಾಗಿ ಅಂಚು ಎದ್ದು ನಿಲ್ಲುತ್ತೆ. ಅರೆಪಾರದರ್ಶಕ ಡಬ್ಬಿಯ ಮುಚ್ಚಳ ಒಳಗೆ ಕೂರುವಂಥದ್ದು, ಅದು ಎಷ್ಟೋ ವಾಸಿ. ಬೈಸನ್ ಟ್ಯೂಬ್‌ನ (ತಿರುಪು ಮುಚ್ಚಳದ ಚಿಕ್ಕ ಲೋಹದ ಕೊಳವೆ) ರಬ್ಬರ್ ಉಂಗುರ ಒಣಗಿ ಸೀಳುತ್ತೆ. ನಾಲ್ಕು ಕಡೆ ಕ್ಲಿಪ್ ಇರುವ ಊಟದ ಡಬ್ಬಿಯಲ್ಲಿ ತಪ್ಪು ಬಹುಪಾಲು ಹುಡುಕಿದವರದ್ದು: ಒಳಗಿನ ಪ್ಲಾಸ್ಟಿಕ್ ಚೀಲದ ಮೂಲೆ ಗ್ಯಾಸ್ಕೆಟ್ ಮೇಲೆ ಸಿಕ್ಕಿಹಾಕಿಕೊಂಡರೆ ಅದೇ ನೀರಿಗೆ ದಾರಿ. ಪೆಟ್ಲಿಂಗ್ ಇದೆಯಲ್ಲ, 28 ಮಿ.ಮೀ. ತಿರುಪು ಬಾಯಿಯದ್ದು. ಕಡಿಮೆ ದುಡ್ಡಿನಲ್ಲಿ ಅಷ್ಟು ಚೆನ್ನಾಗಿ ನೀರು ತಡೆಯುವುದು ಇನ್ನೊಂದಿಲ್ಲ. ಅದರಲ್ಲೂ ಲಾಗ್ ಒದ್ದೆಯಾಗಿದ್ದರೆ ಮಳೆಯಲ್ಲಿ ಬಾಯಿ ತೆರೆದು ಸಹಿ ಹಾಕಿದ್ದಾರೆ ಅಂತಲೇ ಅರ್ಥ. ಒಳಗೆ ಹೋದ ತೇವ ಮತ್ತೆ ಹೊರಗೆ ಬರಲ್ಲ.

ಕಾಡುಗುಬ್ಬಿ:

ಪೆನ್ಸಿಲ್ ವಿಷಯ ಒಪ್ಪಿದೆ. ಎನ್‌ಎಂ ಹಾಕಿದ ಮೇಲೂ ತಿಂಗಳುಗಟ್ಟಲೆ ಓನರ್ ಅಲುಗಾಡದಿದ್ದರೆ?

ಸೊನ್ನೆ ಬಿಂದು:

ಸುಮಾರು 4 ವಾರ ಬಿಡಿ. ಆಮೇಲೂ ಏನೂ ಆಗದಿದ್ದರೆ "ರಿವ್ಯೂವರ್ ಅಟೆನ್ಶನ್ ರಿಕ್ವೆಸ್ಟೆಡ್". ರಿವ್ಯೂವರ್ ಕ್ಯಾಶ್ ನಿಲ್ಲಿಸಿ ಗಡುವು ಕೊಡುತ್ತಾರೆ, ಓನರ್ ಆಗಲೂ ಉತ್ತರಿಸದಿದ್ದರೆ ಆರ್ಕೈವ್, ಅಂದರೆ ಆಟದಿಂದಲೇ ಹೊರಗೆ. ಆ ಜಾಗ ಬೇರೆಯವರಿಗೆ ಬಿಡುಗಡೆಯಾಗುತ್ತೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಇರಬೇಕು ಅನ್ನುವ ನಿಯಮದಿಂದಾಗಿ ಸತ್ತ ಕ್ಯಾಶ್ ಒಂದು ಇಡೀ ಪಾರ್ಕನ್ನು ಹಿಡಿದುಕೊಂಡು ಕೂತಿರುತ್ತೆ.

ಕೆರಿ ದಂಡಿ:

ಎರಡನೇದಕ್ಕ ನಾ ಹೇಳತೇನ್ರಿ. ಮೂರೂ ಮಂದಿ ಹೆಸರು ಪುಸ್ತಕದಾಗ ಐತಿ ಅಂದಮ್ಯಾಲೆ ಓನರ್ ಅಳಸಾಕ ಬರೂದಿಲ್ಲ. ನಿಯಮ ಮುಗೀತು. ಡಿ5, ಅಂದ್ರ ಹುಡುಕೂ ಕಷ್ಟ ಐದಕ್ಕ ಐದು ಇರೂ ಒಗಟಿಗೂ ಇದೇ ಮಾತು: ಉತ್ತರ ಯಾರಿಂದಾರ ಕೇಳಿ ಹೋಗಿ ಸಹಿ ಮಾಡಿದ್ರೂ ಅದು ಫೌಂಡ್ ಅಂತನ ಲೆಕ್ಕ.

ಆದ್ರ ರೀತಿ-ರಿವಾಜು ಬ್ಯಾರೆ ಐತ್ರಿ. ಗಿಡ ಹತ್ತೂ ಕ್ಯಾಶ್ ಇಟ್ಟಾಂವ ಹತ್ತಲಿ ಅಂತನ ಇಟ್ಟಿರತಾನ. ಕೆಳಗ ನಿಂತವರು ಏನರ ಕೈಗೂಡಿಸಿದ್ರ, ಹಗ್ಗ ಹಿಡದ್ರ, ದಾರ ಒಗದು ಟೊಂಗಿ ಮ್ಯಾಲೆ ಕೂಡಿಸಿದ್ರ, ಯಾರೂ ಮಾತಾಡೂದಿಲ್ಲ. ಕಾರಿನಾಗ ಕುಂತು ಪುಸ್ತಕ ಕಿಟಕ್ಯಾಗಿಂದ ಇಸಗೊಂಡು ಸಹಿ ಮಾಡಿ "ಮಸ್ತ್ ಹತ್ತಿದ್ವಿ" ಅಂತ ಬರದ್ರ ಮಂದಿ ನಗತಾರ. ಲಾಗಿನಾಗ ಖರೇ ಬರೀರಿ: "ಹತ್ತಿದಾಂವ ಒಬ್ಬ, ನಾವು ನೆಲದ ಮ್ಯಾಲೆ." ಅಷ್ಟ ಬರದ್ರ ಓನರ್‌ಗೂ ಸಮಾಧಾನ.

81 ಚೌಕಾ ತುಂಬಸಾಕ, ಅಂದ್ರ ಡಿ 1ರಿಂದ 5, ಟಿ 1ರಿಂದ 5, ಅರ್ಧರ್ಧ ಮೆಟ್ಟಲದಾಗ ಒಂಬತ್ತೊಂಬತ್ಲೆ ಎಂಬತ್ತೊಂದು ಜೋಡಿ ಮುಗಸಾಕ, ಟಿ5 ಬೇಕಾಗಿ ಓಡಿ ಬರೂ ಮಂದಿನ ಹೆಚ್ಚು. ಅವಸರದಾಗ ಮುಳ್ಳಿನ ಬೂಟು ಹಾಕ್ಕೊಂಡು ಹತ್ತಬ್ಯಾಡ್ರಿ, ತೊಗಟಿ ಹರಿತೈತಿ. ಹಗ್ಗದ ಕೆಳಗ ದಪ್ಪ ಪಟ್ಟಿ ಇಡ್ರಿ.

ಇನ್ನೊಂದ್, ಜರ್ಮನಿ ಅಂದ್ರಿ ಅಂತ ಹೇಳತೇನಿ. ಗವಿ, ಹಳೇ ನೆಲಮಾಳಿಗಿ ಕ್ಯಾಶ್ ಇದ್ರ ಅಕ್ಟೋಬರ್ 1ರಿಂದ ಮಾರ್ಚ್ 31ರತನಾ ದೂರ ಇರ್ರಿ. ಬಾವಲಿ ಚಳಿಗಾಲಕ್ಕ ಮಲಗೂ ಜಾಗಾಕ್ಕ ಹೋಗಬಾರದು ಅಂತ ಅಲ್ಲಿನ ನಿಸರ್ಗ ಕಾಯಿದೆನ ಐತಿ. ಅದು ಆಟದ ನಿಯಮ ಅಲ್ರೀ, ದಂಡಾ ಬೀಳತೈತಿ.

ಅಕ್ಷಾಂಶ:

ಎಫ್‌ಟಿಎಫ್ ದೂರು: ಯಾರಿಗೂ ಕೊಡಲಾಗುವುದಿಲ್ಲ. ಸಿಯಾಟಲ್‌ನ ಮುಖ್ಯ ಕಚೇರಿ ಎಫ್‌ಟಿಎಫ್ ಅನ್ನುವುದನ್ನು ಲೆಕ್ಕವೇ ಇಡುವುದಿಲ್ಲ. ನಿಮ್ಮ ಪ್ರೊಫೈಲ್‌ನಲ್ಲಿ ಅದಕ್ಕೆ ಖಾನೆಯೂ ಇಲ್ಲ. ಪ್ರಾಜೆಕ್ಟ್ ಜಿಸಿ ಅನ್ನುವ ಅಂಕಿಅಂಶದ ಸೈಟ್ ಎಣಿಸುತ್ತೆ, ಆದರೆ ಅದು ನೋಡುವುದು ಲಾಗ್ ಬರಹದಲ್ಲಿ ಇಂಗ್ಲಿಷಿನ ಆ ಮೂರು ಅಕ್ಷರ ಚೌಕ ಬ್ರಾಕೆಟ್ ಅಥವಾ ಹೂ ಬ್ರಾಕೆಟ್ ಒಳಗೆ ಇದೆಯಾ ಅಂತ ಅಷ್ಟೇ. ಯಾರು ಬೇಕಾದರೂ ಬರೆದುಕೊಳ್ಳಬಹುದು, ಪರಿಶೀಲನೆ ಸೊನ್ನೆ. ನೀವೂ ನಿಮ್ಮ ಲಾಗ್ ತಿದ್ದಿ ಹಾಕಿಕೊಳ್ಳಿ. ಇಬ್ಬರಿಗೂ ಒಂದೊಂದು ಅಂಕ.

ತಕರಾರು ಹುಟ್ಟುವುದು ಸಾಮಾನ್ಯವಾಗಿ ಮೂರು ಕಡೆ. ಕ್ಯಾಶ್ ಪ್ರಕಟವಾಗುವ ಮುಂಚೆಯೇ ಓನರ್‌ನ ಸ್ನೇಹಿತರು ಸಹಿ ಹಾಕಿರುತ್ತಾರೆ. ಅವರ ಫೌಂಡ್ ಸರಿ, ಆದರೆ ಎಫ್‌ಟಿಎಫ್ ಬಿಟ್ಟುಕೊಡುವುದು ಮರ್ಯಾದೆ. ಎರಡನೆಯದು, ಪ್ರೀಮಿಯಂ ಸದಸ್ಯರಿಗೆ ಪ್ರಕಟಣೆಯ ಸೂಚನೆ ತಕ್ಷಣ ಬಂದು ಇಬ್ಬರು ಒಂದೇ ಗಳಿಗೆಗೆ ಜಾಗದಲ್ಲಿ ಎದುರಾಗುವುದು. ಸೇರಿ ಹುಡುಕಿ, ಹಂಚಿಕೊಂಡ ಎಫ್‌ಟಿಎಫ್ ಅಂತ ಬರೆಯುವುದು ಎಲ್ಲ ಕಡೆ ನಡೆದುಬಂದ ಪದ್ಧತಿ. ಮೂರನೆಯದೇ ನಿಮ್ಮದಿರಬಹುದು: ಅವರು ಲಾಗ್ ಸುರುಳಿಯ ಒಳ ತುದಿಯಲ್ಲಿ ಅಥವಾ ಹಿಂಬದಿಯಲ್ಲಿ ಸಹಿ ಹಾಕಿದ್ದರೆ ನಿಮಗೆ ಕಂಡಿರುವುದಿಲ್ಲ. ನ್ಯಾನೋ ಪಟ್ಟಿಗಳಲ್ಲಿ ಇದು ದಿನನಿತ್ಯದ ಕಥೆ. ಹೆಸರಿನ ಪಕ್ಕ ಗಂಟೆ ನಿಮಿಷ ಬರೆಯುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ.

ನಾಲ್ವರಲ್ಲೊಬ್ಬ:

ಎಲ್ಲರಿಗೂ ವಂದನೆ. ಓನರ್‌ಗೆ ಮೆಸೇಜ್ ಹಾಕಿದ್ದೇವೆ. ಇದೇ ಎಳೆಯಲ್ಲಿ ಎರಡು ಕೇಳಿಬಿಡ್ತೀನಿ. ಗುಂಪಿನ ಒಬ್ಬರ ಜೇಬಿನಲ್ಲಿ ಯಾವಾಗಲೂ ಖಾಲಿ ಫಿಲ್ಮ್ ಡಬ್ಬಿ ಇರುತ್ತೆ. ಹುಡುಕಿ ಸಿಗದಿದ್ದರೆ "ಕಳೆದುಹೋಗಿದೆ" ಅಂತ ಅಲ್ಲಿ ಹೊಸದನ್ನಿಟ್ಟು, ಸಹಿ ಹಾಕಿ ಫೌಂಡ್ ಒತ್ತುತ್ತಾರೆ. ಓನರ್‌ಗೆ ಉಪಕಾರ ಅಲ್ವಾ ಅಂತ ವಾದ. ಇನ್ನೊಂದು: ರಜೆಗೆ ಬಂದಾಗ ಬೆಂಗಳೂರಿನಲ್ಲಿ ಒಂದು ಕ್ಯಾಶ್ ಇಡಬೇಕು ಅಂತ ಆಸೆ.

ಅಕ್ಷಾಂಶ:

ಆ ಉಪಕಾರಕ್ಕೆ ಥ್ರೋಡೌನ್ ಅಂತ ಹೆಸರು. ಓನರ್ ಮೊದಲೇ "ಇಟ್ಟುಬಿಡಿ" ಅಂದಿದ್ದರೆ ಸರಿ. ಕೇಳದೆ ಇಟ್ಟರೆ ಅದು ಅವರ ಕ್ಯಾಶ್ ಅಲ್ಲ, ನಿಮ್ಮ ಕಸ. ಸಿಗದಿದ್ದರೆ ಡಿಎನ್‌ಎಫ್ (ಡಿಡ್ ನಾಟ್ ಫೈಂಡ್, ಸಿಗಲಿಲ್ಲ ಅನ್ನುವ ಲಾಗ್) ಹಾಕಬೇಕು. ಡಿಎನ್‌ಎಫ್ ಅಂದರೆ ಫೇಲ್ ಆದೆ ಅಂತ ಅಲ್ಲ. ಸಾಲಾಗಿ ನಾಲ್ಕು ಡಿಎನ್‌ಎಫ್ ಬಿದ್ದಾಗಲೇ ಓನರ್ ಎದ್ದು ಹೋಗಿ ನೋಡುವುದು.

ಬಹಳ ಸಲ ಮೂಲ ಡಬ್ಬಿ ಅಲ್ಲೇ ಇರುತ್ತೆ, ಹುಡುಕಿದ ಜಾಗವೇ ತಪ್ಪು. ಇದನ್ನು ನೋಡಿ: ಕ್ಯಾಶ್ ಪುಟದಲ್ಲಿ ನಿರ್ದೇಶಾಂಕ ಇರುವುದು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ, ಉದಾಹರಣೆಗೆ ಉತ್ತರ 48° 08.123. ಕೊನೆಯ ಅಂಕಿ ಒಂದು ಬದಲಾದರೆ ಉತ್ತರ-ದಕ್ಷಿಣಕ್ಕೆ 1.85 ಮೀಟರ್, ಪೂರ್ವ-ಪಶ್ಚಿಮಕ್ಕೆ ಮ್ಯೂನಿಕ್‌ನಲ್ಲಿ ಸುಮಾರು 1.24, ಬೆಂಗಳೂರಿನಲ್ಲಿ ಸುಮಾರು 1.81. ಇದನ್ನು ಬೇರೆ ನಕ್ಷೆಗೆ ಕೈಯಲ್ಲಿ ಹಾಕುವಾಗ 8 ನಿಮಿಷ 12.3 ಸೆಕೆಂಡ್ ಅಂತ ಓದಿಬಿಡುತ್ತಾರೆ. ನಿಜಕ್ಕೂ .123 ನಿಮಿಷ ಅಂದರೆ 7.38 ಸೆಕೆಂಡ್. ವ್ಯತ್ಯಾಸ 4.92 ಸೆಕೆಂಡ್, ನೆಲದ ಮೇಲೆ ಸುಮಾರು 150 ಮೀಟರ್. ಬೇರೆಯದೇ ಬೇಲಿ, ಬೇರೆಯದೇ ಮರ. ಅಲ್ಲಿ ಗಂಟೆಗಟ್ಟಲೆ ತಡಕಿ, ಡಬ್ಬಿ ಹೋಗಿದೆ ಅಂತ ತೀರ್ಮಾನಿಸಿ ಹೊಸದಿಟ್ಟರೆ, ಮುಂದೆ ಬಂದವರಿಗೆ ಒಂದೇ ಕ್ಯಾಶ್‌ಗೆ ಎರಡು ಡಬ್ಬಿ, ಎರಡು ಲಾಗ್. ಓನರ್ ಯಾವುದನ್ನು ನೋಡಿ ಯಾರ ಲಾಗ್ ಪರೀಕ್ಷಿಸಬೇಕು?

ಪವರ್ ಟ್ರೇಲ್‌ಗಳಿಂದ ಬಂದ ಚಾಳಿ ಇದು. ನೆವಾಡಾದ ಇ.ಟಿ. ಹೈವೇ ಥರದ ಮರುಭೂಮಿ ರಸ್ತೆಯಲ್ಲಿ 161 ಮೀಟರ್‌ಗೊಂದರಂತೆ ಸಾವಿರಕ್ಕೂ ಹೆಚ್ಚು ಡಬ್ಬಿ. ಒಬ್ಬ ಕಾರಿನಿಂದ ಹಾರಿ ಡಬ್ಬಿ ಎತ್ತಿ ಮೊದಲೇ ಸಹಿ ಹಾಕಿಟ್ಟ ಇನ್ನೊಂದನ್ನು ಇಡುತ್ತಾನೆ, ಎತ್ತಿದ್ದಕ್ಕೆ ಕಾರು ಓಡುವಾಗ ಸಹಿ ಹಾಕಿ ಮುಂದಿನ ಜಾಗದಲ್ಲಿ ಇಡುತ್ತಾರೆ. ಪ್ರತಿ ಡಬ್ಬಿಗೆ ಅರ್ಧ ನಿಮಿಷ ಉಳಿಯಬಹುದು. ಆದರೆ 40ನೇ ಲಾಗ್ 41ರಲ್ಲಿ, 41ರದ್ದು 42ರಲ್ಲಿ, ಹೀಗೆ ಇಡೀ ಸಾಲು ಒಂದೊಂದು ಹೆಜ್ಜೆ ಸರಿದಿರುತ್ತೆ. ಟ್ರೇಲ್ ಓನರ್ ಪುಟದಲ್ಲೇ ಅನುಮತಿ ಬರೆದಿದ್ದರೆ ಅವರಿಷ್ಟ. ಅದೇ ಆಟವನ್ನು ಊರ ಪಾರ್ಕಿಗೆ ತಂದರೆ ಬೈಗುಳವೇ ಗತಿ.

ಪೆನ್ಸಿಲ್ ತುಂಡು:

ಬೆಂಗಳೂರಿಗೆ: ರಜೆಗೆ ಬಂದು ಇಟ್ಟು ಹಾರಿಹೋಗುವ ಕ್ಯಾಶ್ ಅನ್ನು ರಿವ್ಯೂವರ್ ಪ್ರಕಟಿಸುವುದಿಲ್ಲ. ಊರಿನಲ್ಲೇ ಇರುವ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಅವರ ಜಿಯೋಕ್ಯಾಶಿಂಗ್ ಹೆಸರಿನ ಸಮೇತ ರಿವ್ಯೂವರ್ ನೋಟ್‌ನಲ್ಲಿ ಬರೆಯಬೇಕು. ಅವರು ಸುಮ್ಮನೆ ಹೆಸರಿಗೆ ಇದ್ದರೆ ಸಾಲದು, ಜೂನ್‌ನಿಂದ ಮಳೆ ನಿಲ್ಲುವವರೆಗೆ ಒಂದೆರಡು ಸಲವಾದರೂ ಹೋಗಿ ಲಾಗ್ ಬದಲಿಸಬೇಕಾಗುತ್ತೆ. ಡಬ್ಬಿ ಪಾರದರ್ಶಕ ಇರಲಿ, ಹೊರಗೆ ಇದೇನು ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಇರಲಿ. ಟೇಪ್ ಸುತ್ತಿದ ಕಪ್ಪು ಕೊಳವೆ ಕಂಡರೆ ಸೆಕ್ಯೂರಿಟಿಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ, ತಪ್ಪು ಅವರದ್ದಲ್ಲ. ರೈಲ್ವೆ ಹಳಿ, ಶಾಲೆ, ವಿಮಾನ ನಿಲ್ದಾಣ, ಸೇನೆಯ ಜಾಗದ ಹತ್ತಿರ ಬೇಡವೇ ಬೇಡ. ಹಂಪಿ, ಬೇಲೂರಿನಂಥ ಸಂರಕ್ಷಿತ ಸ್ಮಾರಕದ ಕಲ್ಲುಸಂದಿಯೂ ಬೇಡ.

ಅಕ್ಷಾಂಶ:

ದೂರದಲ್ಲಿದ್ದು ಮಾಡುವುದಾದರೆ ಡಬ್ಬಿ ಬಿಡಿ, ಅರ್ಥ್‌ಕ್ಯಾಶ್ ಯೋಚಿಸಿ: ಆ ಜಾಗದ ಭೂವಿಜ್ಞಾನದ ಪಾಠ ಹೇಳಿ, ಬಂದವರಿಗೆ ಪ್ರಶ್ನೆ ಕೇಳುವ ಕ್ಯಾಶ್. ಡಬ್ಬಿಯಿಲ್ಲ, ಲಾಗ್ ಪೇಪರ್ ಇಲ್ಲ, ನೆನೆಯುವ ಪ್ರಶ್ನೆಯೇ ಇಲ್ಲ. ಬಂದವರು ಉತ್ತರವನ್ನು ಮೆಸೇಜ್‌ನಲ್ಲಿ ಕಳಿಸುತ್ತಾರೆ, ನಿಮ್ಮ ಒಪ್ಪಿಗೆಗೆ ಕಾಯದೆ ಫೌಂಡ್ ಹಾಕಬಹುದು. ಉತ್ತರವೇ ಕಳಿಸದವರದ್ದನ್ನು ನೀವು ಅಳಿಸಬಹುದು. ಜಾಗ ನೋಡಿಕೊಳ್ಳುವವರ ಅನುಮತಿ ಬೇಕಾದಲ್ಲಿ ಕೇಳಿ, ಅದೇ ಪಾಠದ ಇನ್ನೊಂದು ಆಗಲೇ ಇದೆಯಾ ಅಂತ ನಕ್ಷೆಯಲ್ಲಿ ನೋಡಿ.

ಲಾಲ್‌ಬಾಗ್ ಬಂಡೆಯನ್ನೇ ಉದಾಹರಣೆಗೆ ತಗೊಳ್ಳಿ. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. "ಬಂಡೆಗೆ ಎಷ್ಟು ವಯಸ್ಸು" ಅಂತ ಕೇಳಿದರೆ ಮನೆಯಲ್ಲಿ ಕೂತೇ ಉತ್ತರ ಸಿಗುತ್ತೆ, ರಿವ್ಯೂವರ್ ವಾಪಸ್ ಕಳಿಸುತ್ತಾರೆ. ಬಿಳಿ ಪಟ್ಟೆ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್‌ನದು, ಕಪ್ಪು ಪಟ್ಟೆ ಹೆಚ್ಚಾಗಿ ಕಪ್ಪು ಅಭ್ರಕದ್ದು ಅಂತ ಪುಟದಲ್ಲಿ ವಿವರಿಸಿ. ಆಮೇಲೆ ನೀವು ಕೊಟ್ಟ ಬಿಂದುವಿನಲ್ಲಿ ನಿಂತು ಒಂದು ಬಿಳಿ ಪಟ್ಟೆಯ ಅಗಲವನ್ನು ಬೆರಳಲ್ಲಿ ಅಳೆಯಿರಿ, ಪಟ್ಟೆ ನೇರವಾಗಿದೆಯೋ ಮಡಿಚಿಕೊಂಡಿದೆಯೋ ಹೇಳಿ, ಯಾಕೆ ಹಾಗಾಗಿರಬಹುದು ಅಂತ ಎರಡು ಸಾಲು ಬರೆಯಿರಿ ಅಂತ ಕೇಳಿ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಪಟ್ಟೆ ಚೆನ್ನಾಗಿ ಕಾಣುತ್ತೆ ಅಂತ ಸೂಚನೆಯಲ್ಲಿ ಹಾಕಿಬಿಡಿ, ಮಟಮಟ ಮಧ್ಯಾಹ್ನ ಹೋದವರು ಬರೀ ಬೂದು ಬಣ್ಣ ಅಂತ ಬರೆದು ಕಳಿಸುತ್ತಾರೆ.

ನಾಲ್ವರಲ್ಲೊಬ್ಬ:

ಓನರ್ ಉತ್ತರ ಬಂತು: "ಹೊಸ ಲಾಗ್ ಶನಿವಾರ ಹಾಕ್ತೀನಿ, ಬಂದು ಸಹಿ ಮಾಡಿ." ಜೇಬಿನ ಫಿಲ್ಮ್ ಡಬ್ಬಿಯವರು ಈಗ 4ಬಿ ಪೆನ್ಸಿಲ್ ಹುಡುಕುತ್ತಿದ್ದಾರೆ.